ಒಂಬತ್ತು ಉದಾಹರಣೆ ಬರೆದೆ, ಒಂದನ್ನೂ ಒಪ್ಪಲಿಲ್ಲ: ಲೈಬ್ರರಿ ಡಾಕ್ಯುಮೆಂಟೇಶನ್‌ಗೆ ಎಂಥ ಕೋಡ್ ಬರೆಯಬೇಕು?

ಪ್ರಶ್ನೆ: ನಮಸ್ಕಾರ ಸರ್. ನಾಲ್ಕು ವರ್ಷದಿಂದ ಪ್ರೋಗ್ರಾಮಿಂಗ್ ಕೆಲಸದಲ್ಲಿದ್ದೇನೆ. ನಾನು ದಿನಾ ಬಳಸುವ ಭಾಷೆಯ ಸ್ಟ್ಯಾಂಡರ್ಡ್ ಲೈಬ್ರರಿಯ (ಭಾಷೆಯ ಜೊತೆಗೇ ಬರುವ ಸಿದ್ಧ ಫಂಕ್ಷನ್‌ಗಳ ಸಂಗ್ರಹದ) ಡಾಕ್ಯುಮೆಂಟೇಶನ್ ಓದುವಾಗೆಲ್ಲ ಬೇಜಾರಾಗುತ್ತದೆ. ಎಷ್ಟೋ ಫಂಕ್ಷನ್‌ಗಳಿಗೆ ಉದಾಹರಣೆಯೇ ಇಲ್ಲ. ಇದ್ದರೂ ಒಂದೇ ಸಾಲು. ಸ್ಟ್ರಿಂಗನ್ನು, ಅಂದರೆ ಅಕ್ಷರಗಳ ಸಾಲನ್ನು, ತುಂಡು ಮಾಡುವ ಒಂದು ಫಂಕ್ಷನ್‌ಗೆ ಇದ್ದ ಒಂದೇ ಒಂದು ಉದಾಹರಣೆಯನ್ನು ಓಡಿಸಿ ನೋಡಿದೆ. ಪುಟದಲ್ಲಿ ತೋರಿಸಿದ ಉತ್ತರ ಬರಲೇ ಇಲ್ಲ. ಆಗ ಒಂದು ವಾರ ರಾತ್ರಿ ಕೂತು ಒಂಬತ್ತು ಉದಾಹರಣೆ ಬರೆದೆ. ಕಾಮಾ, ಸ್ಪೇಸ್, ಟ್ಯಾಬ್, ಸೆಮಿಕೋಲನ್, ಲಂಬಗೆರೆ, ಹೊಸ ಸಾಲು, ಇವಕ್ಕೆಲ್ಲ ಒಂದೊಂದು. ಖಾಲಿ ಸ್ಟ್ರಿಂಗ್ ಕೊಟ್ಟರೆ ಏನಾಗುತ್ತದೆ, ಕೊನೆಯಲ್ಲಿ ಕಾಮಾ ಉಳಿದಿದ್ದರೆ ಏನಾಗುತ್ತದೆ ಎಂದು ಇನ್ನೆರಡು. ಒಂಬತ್ತನೆಯದು ಲಾಗ್ ಫೈಲ್ ಓದಿ ವರದಿ ತಯಾರಿಸುವ ಅರವತ್ತು ಸಾಲಿನ ಪ್ರೋಗ್ರಾಮ್, ನಿಜವಾದ ಕೆಲಸದ ಹಾಗೇ ಇರಲಿ ಅಂತ. ಪುಲ್ ರಿಕ್ವೆಸ್ಟ್ (ನನ್ನ ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ಕಳಿಸಿದೆ. ಮೂರು ವಾರದ ನಂತರ ಎರಡು ಸಾಲಿನ ಉತ್ತರ ಬಂತು: ‘ಇದು ರೆಫರೆನ್ಸ್ ಪುಟ, ಟ್ಯುಟೋರಿಯಲ್ ಅಲ್ಲ. ಇಷ್ಟೊಂದು ಬೇಡ.’ ಅಲ್ಲಿಗೇ ಮುಚ್ಚಿಬಿಟ್ಟರು.

ಉದಾಹರಣೆ ಜಾಸ್ತಿ ಇದ್ದರೆ ತಪ್ಪೇನು? ಚಿಕ್ಕದಾಗಿರಬೇಕಾ, ನಿಜ ಕೆಲಸದ ಹಾಗೆ ಇರಬೇಕಾ? ಎರರ್ ಹ್ಯಾಂಡ್ಲಿಂಗ್ ಸೇರಿಸಬೇಕಾ? ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ಓಪನ್ ಸೋರ್ಸ್‌ನಲ್ಲಿ ಹೆಸರು ಮಾಡಿದವನೂ ಅಲ್ಲ. ಇಂಥ ಕೆಲಸಕ್ಕೆ ನಾನು ಕೈ ಹಾಕಬಾರದಿತ್ತೇನೋ ಅನ್ನಿಸುತ್ತಿದೆ.

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಚಿಂತೆ ಕಾಣುತ್ತಿವೆ. ಒಳ್ಳೆಯ ಉದಾಹರಣೆ ಅಂದರೆ ಯಾವುದು ಅನ್ನುವುದು ಒಂದು. ಅದನ್ನು ಬರೆಯುವ ಅರ್ಹತೆ ನನಗಿದೆಯಾ ಅನ್ನುವುದು ಇನ್ನೊಂದು. ಎರಡನೆಯದಕ್ಕೆ ಮೊದಲೇ ಹೇಳಿಬಿಡುತ್ತೇನೆ: ಇದೆ. ನೀವು ಪುಟದಲ್ಲಿದ್ದ ಕೋಡನ್ನು ಓಡಿಸಿ ನೋಡಿದಿರಿ. ಎಷ್ಟೋ ವರ್ಷದಿಂದ ಲೈಬ್ರರಿಗಳಿಗೆ ಡಾಕ್ಯುಮೆಂಟೇಶನ್ ಬರೆಯುತ್ತಾ, ಬೇರೆಯವರು ಬರೆದದ್ದನ್ನು ರಿವ್ಯೂ ಮಾಡುತ್ತಾ ಬಂದಿದ್ದೇನೆ. ಉದಾಹರಣೆ ಸರಿಯಿಲ್ಲ ಎಂದು ಗೊಣಗುವವರು ಬೇಕಾದಷ್ಟು ಜನ ಸಿಗುತ್ತಾರೆ. ಓಡಿಸಿ ನೋಡುವವರು ತೀರಾ ಕಡಿಮೆ.

ಆ ರಿವ್ಯೂ ಮಾಡಿದವರು ಹೇಳಿದ್ದರಲ್ಲಿ ಹುರುಳಿದೆ. ಆದರೆ ಹೇಳಿದ ರೀತಿ ನಿಮಗೆ ಏನೂ ಕಲಿಸಲಿಲ್ಲ. ಅವರು ಬಿಟ್ಟುಬಿಟ್ಟ ಮಾತನ್ನು ನಾನು ಹೇಳುತ್ತೇನೆ. ನಿಮ್ಮ ಒಂಬತ್ತರಲ್ಲಿ ಆರು ಉದಾಹರಣೆ ಒಂದೇ ವಿಷಯ ಹೇಳುತ್ತವೆ. ಕಾಮಾ ಕೊಟ್ಟರೆ ಕಾಮಾ ಇದ್ದಲ್ಲಿ ತುಂಡಾಗುತ್ತದೆ ಎಂದು ತೋರಿಸಿದ ಮೇಲೆ, ಸೆಮಿಕೋಲನ್ ಕೊಟ್ಟರೆ ಎಲ್ಲಿ ತುಂಡಾಗುತ್ತದೆ ಎಂಬ ಅನುಮಾನ ಯಾರಿಗೂ ಉಳಿಯುವುದಿಲ್ಲ. ಖಾಲಿ ಸ್ಟ್ರಿಂಗ್ ಮತ್ತು ಕೊನೆಯ ಕಾಮಾ, ಈ ಎರಡು ಮಾತ್ರ ಚಿನ್ನ. ಅವು ಆ ಆರರ ನಡುವೆ ಮುಳುಗಿಹೋದವು. ರಿವ್ಯೂ ಮಾಡುವವರ ಕಣ್ಣಿಗೂ ಬೀಳಲಿಲ್ಲ.

ಉದಾಹರಣೆ ಇರುವುದು ಓದುಗನ ಅನುಮಾನಕ್ಕೆ ಉತ್ತರ ಕೊಡುವುದಕ್ಕೆ. ರೆಫರೆನ್ಸ್ ಪುಟಕ್ಕೆ ಬರುವವನು ಫಂಕ್ಷನ್ ಏನು ಮಾಡುತ್ತದೆ ಎಂದು ಹೆಸರು ನೋಡಿಯೇ ಅರ್ಧ ಊಹಿಸಿರುತ್ತಾನೆ. ಅವನ ಊಹೆ ಎಲ್ಲಿ ತಪ್ಪಬಹುದೋ ಅಲ್ಲೇ ಉದಾಹರಣೆ ನಿಂತಿರಬೇಕು. ಊಹೆ ಸರಿಯಾಗಿರುವ ಕಡೆ ಎಷ್ಟು ಉದಾಹರಣೆ ಹಾಕಿದರೂ ಅದು ಸುಮ್ನೆ ಜಾಗ ತಿನ್ನುತ್ತದೆ.

ನಿಮ್ಮದೇ ಫಂಕ್ಷನ್‌ನ ಜಾತಿಯದನ್ನು ತೆಗೆದುಕೊಳ್ಳೋಣ. ಗೋ ಭಾಷೆಯ ಸ್ಟ್ರಿಂಗ್ಸ್ ಪ್ಯಾಕೇಜ್‌ನಲ್ಲಿ ಸ್ಪ್ಲಿಟ್ ಅಂತ ಒಂದು ಫಂಕ್ಷನ್ ಇದೆ. ಅದರ ಪುಟದಲ್ಲಿ ನಾಲ್ಕೇ ಸಾಲಿನ ಉದಾಹರಣೆ. ಮೊದಲನೆಯದು ಎ, ಬಿ, ಸಿ ಅಕ್ಷರಗಳನ್ನು ಕಾಮಾದಲ್ಲಿ ತುಂಡು ಮಾಡುತ್ತದೆ, ಇದು ಎಲ್ಲರೂ ನಿರೀಕ್ಷಿಸುವುದೇ. ಎರಡನೆಯದರಲ್ಲಿ ಸ್ಟ್ರಿಂಗ್ ಶುರುವಾಗುವುದೇ ತುಂಡು ಮಾಡುವ ಗುರುತಿನಿಂದ. ಆದ್ದರಿಂದ ಫಲಿತಾಂಶದ ಮೊದಲಲ್ಲಿ ಒಂದು ಖಾಲಿ ತುಂಡು ಬರುತ್ತದೆ. ಮೂರನೆಯದರಲ್ಲಿ ಗುರುತೇ ಖಾಲಿ, ಹಾಗಾಗಿ ಒಂದೊಂದು ಅಕ್ಷರವೂ ಬೇರೆಯಾಗುತ್ತದೆ. ನಾಲ್ಕನೆಯದರಲ್ಲಿ ಮೂಲ ಸ್ಟ್ರಿಂಗೇ ಖಾಲಿ. ಫಲಿತಾಂಶ ಖಾಲಿ ಪಟ್ಟಿ ಅಲ್ಲ, ಒಂದು ಖಾಲಿ ಸ್ಟ್ರಿಂಗ್ ಇರುವ ಪಟ್ಟಿ. ನಾಲ್ಕು ಸಾಲು, ನಾಲ್ಕು ಬೇರೆ ಬೇರೆ ಅನುಮಾನ. ಇನ್ನೂ ಒಂದು ಸೂಕ್ಷ್ಮ ಅಲ್ಲಿದೆ, ನನಗೆ ತುಂಬಾ ಇಷ್ಟವಾದದ್ದು. ಪ್ರಿಂಟ್ ಮಾಡುವಾಗ ಪ್ರತಿ ತುಂಡಿಗೂ ಉದ್ಧರಣ ಚಿಹ್ನೆ ಬರುವ ಫಾರ್ಮ್ಯಾಟ್ ಬಳಸಿದ್ದಾರೆ. ಮಾಮೂಲಿಯಾಗಿ ಪ್ರಿಂಟ್ ಮಾಡಿದ್ದರೆ ಖಾಲಿ ತುಂಡು, ಅಂಚಿನ ಸ್ಪೇಸ್ ಯಾವುದೂ ಕಣ್ಣಿಗೆ ಕಾಣುತ್ತಿರಲಿಲ್ಲ. ಬರೆದವರು ಓದುಗನ ಕಣ್ಣಿನಿಂದ ನೋಡಿದ್ದಾರೆ.

ಇದು ಯಾಕೆ ಮುಖ್ಯ ಅಂದರೆ, ಭಾಷೆಯಿಂದ ಭಾಷೆಗೆ ಈ ಅಂಚುಗಳೇ ಬದಲಾಗುತ್ತವೆ. ‘1,2,,3,’ ಎಂಬ ಸ್ಟ್ರಿಂಗನ್ನು ಕಾಮಾದಲ್ಲಿ ತುಂಡು ಮಾಡಿ. ಪೈಥಾನ್ 5 ತುಂಡು ಕೊಡುತ್ತದೆ. ಜಾವಾದ ಸ್ಪ್ಲಿಟ್ 4 ಕೊಡುತ್ತದೆ, ಯಾಕೆಂದರೆ ಬೇರೆ ಮಿತಿ ಹೇಳದಿದ್ದರೆ ಅದು ಬಾಲದಲ್ಲಿರುವ ಖಾಲಿ ತುಂಡುಗಳನ್ನು ಬಿಸಾಡಿಬಿಡುತ್ತದೆ. ಪೈಥಾನ್‌ನ ಒಳಗೇ ನೋಡಿ: ಖಾಲಿ ಸ್ಟ್ರಿಂಗನ್ನು ಕಾಮಾದಲ್ಲಿ ತುಂಡು ಮಾಡಿದರೆ ಒಂದು ಖಾಲಿ ತುಂಡು ಸಿಗುತ್ತದೆ. ಗುರುತನ್ನೇ ಕೊಡದೆ ಕರೆದರೆ ಪಟ್ಟಿಯೇ ಖಾಲಿ. ಒಂದು ಭಾಷೆಯಿಂದ ಇನ್ನೊಂದಕ್ಕೆ ಬಂದವನು ಸಿಕ್ಕಿಬೀಳುವುದು ಇಲ್ಲೇ, ಸೆಮಿಕೋಲನ್‌ನಲ್ಲಿ ಅಲ್ಲ.

ಇನ್ನೊಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಪೈಥಾನ್‌ನಲ್ಲಿ ಎಲ್‌ಸ್ಟ್ರಿಪ್ ಎಂಬ ಮೆಥಡ್ ಸ್ಟ್ರಿಂಗ್‌ನ ಎಡ ಅಂಚನ್ನು ಸ್ವಚ್ಛ ಮಾಡುತ್ತದೆ. ಕೊಟ್ಟ ಪದವನ್ನು ಅದು ಇಡಿಯಾಗಿ ತೆಗೆಯುತ್ತದೆ ಎಂದು ಬಹಳ ಜನ ನಂಬಿದ್ದಾರೆ. ನಿಜಕ್ಕೂ ಅದು ಆ ಪದದಲ್ಲಿರುವ ಅಕ್ಷರಗಳನ್ನು ಬಿಡಿಬಿಡಿಯಾಗಿ ನೋಡಿ, ಅವು ಯಾವ ಕ್ರಮದಲ್ಲಿದ್ದರೂ ತೆಗೆಯುತ್ತಾ ಹೋಗುತ್ತದೆ. ಈ ನಿಯಮವನ್ನು ವಾಕ್ಯದಲ್ಲಿ ಬರೆದಿದ್ದರು. ಜನ ಓದಿಯೂ ತಪ್ಪು ಮಾಡುತ್ತಿದ್ದರು. 2020ರಲ್ಲಿ ಬಂದ 3.9 ಆವೃತ್ತಿಯಲ್ಲಿ ಪೂರ್ತಿ ಪದವನ್ನೇ ತೆಗೆಯುವ ರಿಮೂವ್‌ಪ್ರಿಫಿಕ್ಸ್ ಬಂತು. ಈಗ ಎಲ್‌ಸ್ಟ್ರಿಪ್ ಪುಟದಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟಿದ್ದಾರೆ. ಮೂಲ ಸ್ಟ್ರಿಂಗ್ ಇಂಗ್ಲಿಷ್ ಅಕ್ಷರದಲ್ಲಿ ‘ಆರ್ಥರ್: ತ್ರೀ!’. ತೆಗೆಯಬೇಕಾದ್ದು ‘ಆರ್ಥರ್: ’. ರಿಮೂವ್‌ಪ್ರಿಫಿಕ್ಸ್ ‘ತ್ರೀ!’ ಉಳಿಸುತ್ತದೆ. ಎಲ್‌ಸ್ಟ್ರಿಪ್ ಉಳಿಸುವುದು ಎರಡು ‘ಇ’ ಮತ್ತು ಆಶ್ಚರ್ಯಸೂಚಕ ಚಿಹ್ನೆ ಮಾತ್ರ. ತ್ರೀ ಪದದ ಟಿ, ಎಚ್, ಆರ್ ಮೂರೂ ಆರ್ಥರ್ ಎಂಬ ಹೆಸರಿನಲ್ಲೂ ಇವೆಯಲ್ವಾ, ಅವೂ ಹೋದವು. ಆ ತುಂಡಾದ ಪದ ನೋಡಿದ ಮೇಲೆ ಯಾರೂ ಈ ತಪ್ಪು ಮಾಡಲಾರರು. ಅದಕ್ಕಾಗಿಯೇ ಆ ಹೆಸರು, ಆ ಪದ ಆರಿಸಿದ್ದು. ಬೇರೆ ಹೆಸರು ಹಾಕಿದ್ದರೆ ಎರಡೂ ಮೆಥಡ್ ಒಂದೇ ಉತ್ತರ ಕೊಟ್ಟು, ಉದಾಹರಣೆ ಓದುಗನ ತಪ್ಪು ನಂಬಿಕೆಯನ್ನೇ ಗಟ್ಟಿ ಮಾಡುತ್ತಿತ್ತು.

ಹಾಗಾದರೆ ಅನುಮಾನ ಎಲ್ಲಿದೆ ಎಂದು ಪತ್ತೆ ಮಾಡುವುದು ಹೇಗೆ? ನಾನು ಮಾಡುವುದು ತುಂಬಾ ಸರಳ. ಕೋಡ್ ಬರೆದು, ಉತ್ತರದ ಸಾಲನ್ನು ಮುಚ್ಚಿ, ಮೂರು ಜನ ಸಹೋದ್ಯೋಗಿಗಳಿಗೆ ತೋರಿಸುತ್ತೇನೆ. ‘ಇದು ಏನು ಪ್ರಿಂಟ್ ಮಾಡುತ್ತದೆ?’ ಎಂದು ಕೇಳುತ್ತೇನೆ. ಮೂವರೂ ತಡವರಿಸದೆ ಸರಿ ಹೇಳಿದರೆ ಆ ಉದಾಹರಣೆ ತೆಗೆದುಹಾಕುತ್ತೇನೆ. ಒಬ್ಬೊಬ್ಬರು ಒಂದೊಂದು ಹೇಳಿದರೆ ಅದನ್ನು ಇಟ್ಟುಕೊಳ್ಳುತ್ತೇನೆ. ಮೂವರೂ ಒಂದೇ ತಪ್ಪು ಉತ್ತರ ಹೇಳಿದರೆ ಅದು ಪುಟದ ಮೊದಲ ಉದಾಹರಣೆಯಾಗಬೇಕು. ಕೇಳಲು ಯಾರೂ ಇಲ್ಲದಿದ್ದರೆ ಆ ಪ್ರಾಜೆಕ್ಟ್‌ನ ಇಶ್ಯೂ ಪಟ್ಟಿಯಲ್ಲಿ, ಅಂದರೆ ಬಳಕೆದಾರರು ದಾಖಲಿಸಿದ ದೂರುಗಳ ಪಟ್ಟಿಯಲ್ಲಿ, ಫಂಕ್ಷನ್ ಹೆಸರು ಹುಡುಕಿ. ‘ಇದು ಬಗ್ ಅಲ್ಲ, ಹೀಗೇ ಇರಬೇಕು’ ಎಂದು ಮುಚ್ಚಿದ ಇಶ್ಯೂಗಳನ್ನು ಓದಿ. ಒಂದೇ ದೂರು ನಾಲ್ಕು ಸಲ ಬಂದಿದ್ದರೆ ನಿಮಗೆ ಬೇಕಾದ ಉದಾಹರಣೆ ಅಲ್ಲೇ ಇದೆ.

ಇನ್ನು ಚಿಕ್ಕದು, ದೊಡ್ಡದು ಅನ್ನುವ ಪ್ರಶ್ನೆ. ‘ಉದಾಹರಣೆ ಆದಷ್ಟು ಚಿಕ್ಕದಿರಬೇಕು’ ಅನ್ನುವುದನ್ನೂ ‘ನಿಜ ಜೀವನದ ಹಾಗಿರಬೇಕು’ ಅನ್ನುವುದನ್ನೂ ಜನ ಒಂದಕ್ಕೊಂದು ವಿರುದ್ಧ ಎಂದುಕೊಂಡಿದ್ದಾರೆ. ಹಾಗೇನಿಲ್ಲ. ಪೈಥಾನ್‌ನ ಬೈಸೆಕ್ಟ್ ಮಾಡ್ಯೂಲ್ ನೋಡಿ. ಜೋಡಿಸಿದ ಪಟ್ಟಿಯಲ್ಲಿ ಒಂದು ಸಂಖ್ಯೆಯನ್ನು ಎಲ್ಲಿ ಸೇರಿಸಬೇಕು ಎಂದು ಹೇಳುವ ಫಂಕ್ಷನ್ ಅದು. ವಿವರಣೆ ಓದಿದರೆ ತಲೆ ಸುತ್ತುತ್ತದೆ. ಉದಾಹರಣೆಯಲ್ಲಿ ಅಂಕಕ್ಕೆ ಗ್ರೇಡ್ ಕೊಡುವ ಮೂರು ಸಾಲಿನ ಫಂಕ್ಷನ್ ಇದೆ. ಗಡಿಗಳು 60, 70, 80, 90. ಕೊಟ್ಟ ಅಂಕಗಳು 33, 99, 77, 70, 89, 90, 100. ಈ ಸಂಖ್ಯೆಗಳ ಆಯ್ಕೆ ಗಮನಿಸಿ. 70 ಮತ್ತು 90 ಸರಿಯಾಗಿ ಗಡಿಯ ಮೇಲಿವೆ, 89 ಗಡಿಗೆ ಒಂದು ಕಡಿಮೆ. ಗಡಿಯ ಮೇಲಿದ್ದರೆ ಮೇಲಿನ ಗ್ರೇಡೋ ಕೆಳಗಿನದೋ ಅನ್ನುವುದೇ ಈ ಫಂಕ್ಷನ್‌ನ ಮುಖ್ಯ ಗೊಂದಲ. 70ಕ್ಕೆ ಸಿ, 90ಕ್ಕೆ ಎ ಬಂದದ್ದು ನೋಡಿದರೆ ಒಂದೂ ಮಾತಿಲ್ಲದೆ ಅರ್ಥವಾಗುತ್ತದೆ. ಚಿಕ್ಕದೂ ಹೌದು, ನಿಜ ಕೆಲಸವೂ ಹೌದು.

ನಿಮ್ಮ ಅರವತ್ತು ಸಾಲಿನದನ್ನು ನಾನು ಅಳೆಯುವುದು ಹೀಗೆ. ಫಂಕ್ಷನ್ ಕರೆಯುವ ಸಾಲು, ಅದರ ಉತ್ತರ ತೋರಿಸುವ ಸಾಲು ಎಷ್ಟು? ಅದಕ್ಕೆ ತಯಾರಿ ಮಾಡುವ ಸಾಲು ಎಷ್ಟು? ತಯಾರಿಯೇ ಅರ್ಧಕ್ಕಿಂತ ಜಾಸ್ತಿ ಇದ್ದರೆ ಆ ಉದಾಹರಣೆ ಬೇರೆ ಯಾವುದನ್ನೋ ಕಲಿಸುತ್ತಿದೆ ಅಂತ ಅರ್ಥ. ಲಾಗ್ ಫೈಲ್ ಪ್ರೋಗ್ರಾಮ್ ಕೆಟ್ಟದ್ದು ಅಂತ ಅಲ್ಲ, ಅದರ ಜಾಗ ಬೇರೆ. ಪೈಥಾನ್‌ನಲ್ಲಿ ಲಾಗಿಂಗ್ ಮಾಡ್ಯೂಲ್‌ನ ರೆಫರೆನ್ಸ್ ಪುಟ ಬೇರೆ, ಲಾಗಿಂಗ್ ಕುಕ್‌ಬುಕ್ ಬೇರೆ. ಒಂದು ನಿಘಂಟಿನ ಹಾಗೆ, ಇನ್ನೊಂದು ಜೊತೆಗೆ ಕೂತು ಮಾಡಿ ತೋರಿಸಿದ ಹಾಗೆ. ನಿಘಂಟಿನಲ್ಲಿ ಒಂದು ಪದ ಹುಡುಕುವವನಿಗೆ ಇಡೀ ಕಥೆ ಕೈಗೆ ಕೊಟ್ಟರೆ ಕಿರಿಕಿರಿ ಆಗುತ್ತದೆ. ‘ಇದು ಟ್ಯುಟೋರಿಯಲ್ ಅಲ್ಲ’ ಎಂದವರು ಹೇಳಲು ಹೊರಟದ್ದು ಇದನ್ನೇ.

ಎರರ್ ಹ್ಯಾಂಡ್ಲಿಂಗ್ ಬಗ್ಗೆ ಕೇಳಿದ್ದೀರಿ. ಇಲ್ಲಿ ನನಗೆ ಗಟ್ಟಿ ಅಭಿಪ್ರಾಯ ಇದೆ, ಯಾಕೆಂದರೆ ಪೆಟ್ಟು ತಿಂದಿದ್ದೇನೆ. ನಾನಿದ್ದ ಒಂದು ತಂಡದಲ್ಲಿ ಒಳಗಿನ ಬಳಕೆಗೆ ಒಂದು ನೆಟ್‌ವರ್ಕ್ ಲೈಬ್ರರಿ ಬರೆದಿದ್ದೆವು. ಪುಟದ ಮೊದಲ ಉದಾಹರಣೆಯಲ್ಲಿ ಟೈಮ್‌ಔಟ್, ಅಂದರೆ ಉತ್ತರಕ್ಕೆ ಎಷ್ಟು ಹೊತ್ತು ಕಾಯಬೇಕು ಎಂಬ ಮಿತಿ, ಕೊಟ್ಟಿರಲಿಲ್ಲ. ಸಾಲು ಚಿಕ್ಕದಾಗಿರಲಿ ಅಂತ ಬಿಟ್ಟದ್ದು ನಾನೇ. ಕೆಳಗೆ ‘ಟೈಮ್‌ಔಟ್ ಕೊಡುವುದು ಒಳ್ಳೆಯದು’ ಎಂದು ಒಂದು ವಾಕ್ಯ ಇತ್ತು. ಒಂದು ರಾತ್ರಿ ಆ ಕಡೆಯ ಸರ್ವರ್ ಉತ್ತರ ಕೊಡದೆ ನಿಂತಿತು. ನಮ್ಮ ಕಡೆ ಒಂದೊಂದೇ ಸೇವೆ ಕಾಯುತ್ತಾ ಕಾಯುತ್ತಾ ನಿಂತುಹೋಯಿತು. ಬೆಳಗ್ಗೆ ಕೋಡ್ ಹುಡುಕಿದರೆ ಎಲ್ಲ ಕಡೆ ಇದ್ದದ್ದು ನನ್ನ ಅದೇ ಸಾಲು, ವೇರಿಯಬಲ್ ಹೆಸರೂ ಬದಲಾಗಿರಲಿಲ್ಲ. ಕೆಳಗಿನ ವಾಕ್ಯವನ್ನು ಯಾರೂ ಓದಿರಲಿಲ್ಲ. ಅವರ ತಪ್ಪಲ್ಲ. ಪುಟದಲ್ಲಿ ಕೋಡ್ ಕಂಡರೆ ಕೈ ಮೊದಲು ಅಲ್ಲಿಗೇ ಹೋಗುತ್ತದೆ.

ರಸ್ಟ್ ಭಾಷೆಯವರು ಇದನ್ನು ನೇರವಾಗಿ ಒಪ್ಪಿಕೊಂಡಿದ್ದಾರೆ. ಜನ ಉದಾಹರಣೆಯನ್ನು ಇದ್ದ ಹಾಗೇ ನಕಲು ಮಾಡುತ್ತಾರೆ ಎಂದು ಅವರ ಎಪಿಐ ಮಾರ್ಗಸೂಚಿಯೇ ಹೇಳುತ್ತದೆ. ಅದಕ್ಕೇ ಉದಾಹರಣೆಗಳಲ್ಲಿ ಅನ್‌ರ್‍ಯಾಪ್ ಬಳಸಬೇಡಿ, ಎರರನ್ನು ಮೇಲಕ್ಕೆ ದಾಟಿಸುವ ಪ್ರಶ್ನೆ ಚಿಹ್ನೆ ಬಳಸಿ ಅನ್ನುತ್ತದೆ. ಅನ್‌ರ್‍ಯಾಪ್ ಅಂದರೆ ತಪ್ಪಾದರೆ ಪ್ರೋಗ್ರಾಮ್ ಅಲ್ಲೇ ಕುಸಿಯಲಿ ಅಂದ ಹಾಗೆ. ಆ ಪ್ರಶ್ನೆ ಚಿಹ್ನೆಯ ಹಾಗೆ ಒಂದು ಅಕ್ಷರದಲ್ಲಿ ಕೆಲಸ ಮುಗಿಯುವ ಭಾಷೆಯಲ್ಲಿ ಎರರ್ ಹ್ಯಾಂಡ್ಲಿಂಗ್ ಇರಲೇಬೇಕು. ಅದಕ್ಕೆ ಎಂಟು ಸಾಲು ಬೇಕಾಗುವ ಭಾಷೆಯಲ್ಲಿ ವಿವೇಚನೆ ಬೇಕು. ಆ ಫಂಕ್ಷನ್‌ಗೇ ಸಂಬಂಧಪಟ್ಟ ಎರರ್ ಆದರೆ ತೋರಿಸಿ. ಫೈಲ್ ಇಲ್ಲದಿದ್ದರೆ, ಡಿಸ್ಕ್ ತುಂಬಿದ್ದರೆ ಎಂದೆಲ್ಲ ಸ್ಟ್ರಿಂಗ್ ಫಂಕ್ಷನ್‌ನ ಉದಾಹರಣೆಯಲ್ಲಿ ತರಬೇಡಿ. ಆದರೆ ಟೈಮ್‌ಔಟ್, ತೆರೆದ ಫೈಲ್ ಮುಚ್ಚುವುದು, ಎನ್‌ಕೋಡಿಂಗ್ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ರೀತಿ), ಈ ಮೂರನ್ನು ಚಿಕ್ಕದು ಮಾಡುವ ನೆಪದಲ್ಲಿ ಎಂದೂ ಬಿಡಬೇಡಿ.

ಎನ್‌ಕೋಡಿಂಗ್ ವಿಷಯ ಕನ್ನಡ ಬರೆಯುವ ನಮಗೆ ಚೆನ್ನಾಗಿ ಗೊತ್ತು. ಪೈಥಾನ್‌ನಲ್ಲಿ ಎನ್‌ಕೋಡಿಂಗ್ ಹೇಳದೆ ಫೈಲ್ ತೆರೆದರೆ ಆ ಯಂತ್ರದ ಸೆಟ್ಟಿಂಗ್ ಪ್ರಕಾರ ಓದುತ್ತದೆ. ಲಿನಕ್ಸ್, ಮ್ಯಾಕ್‌ನಲ್ಲಿ ಸಾಮಾನ್ಯವಾಗಿ ಅದು ಯುಟಿಎಫ್-8. ಹಾಗಾಗಿ ಉದಾಹರಣೆ ಬರೆದವರ ಯಂತ್ರದಲ್ಲಿ ಎಲ್ಲ ಸರಿ. ವಿಂಡೋಸ್‌ನಲ್ಲಿ ಹಳೆಯ ಕೋಡ್‌ಪೇಜ್ ಬಂದು ಕನ್ನಡದ ಅಕ್ಷರ ಕಲಸುಮೇಲೋಗರ ಆಗುತ್ತದೆ, ಇಲ್ಲವೇ ಎರರ್ ಬರುತ್ತದೆ. 3.15 ಆವೃತ್ತಿಯಿಂದ ಯುಟಿಎಫ್-8 ಅನ್ನೇ ಡೀಫಾಲ್ಟ್ ಮಾಡಬೇಕೆಂದು ತೀರ್ಮಾನವಾದ ಹಿಂದೆ ಇಂಥ ಅನುಭವಗಳೇ ಇವೆ.

ಉದಾಹರಣೆಯಿಂದ ಏನು ಮಹಾ ಆಗುತ್ತದೆ ಎಂದು ಯಾರಾದರೂ ಕೇಳಿದರೆ ಹೀಗೆ ಹೇಳಿ. 2016ರಲ್ಲಿ ಆಂಡ್ರಾಯ್ಡ್ ಡೆವಲಪರ್‌ಗಳ ಮೇಲೆ ಒಂದು ಅಧ್ಯಯನ ನಡೆಯಿತು. ಸ್ಟಾಕ್ ಓವರ್‌ಫ್ಲೋ ಎಂಬ ಪ್ರಶ್ನೋತ್ತರ ತಾಣ ಮಾತ್ರ ನೋಡಿ ಬರೆದವರ ಕೋಡ್ ಕಡಿಮೆ ಸುರಕ್ಷಿತವಾಗಿತ್ತು. ಅಧಿಕೃತ ಡಾಕ್ಯುಮೆಂಟೇಶನ್ ಮಾತ್ರ ನೋಡಿದವರ ಕೋಡ್ ಹೆಚ್ಚು ಸುರಕ್ಷಿತವಾಗಿತ್ತು, ಆದರೆ ಸರಿಯಾಗಿ ಕೆಲಸ ಮಾಡುವ ಕೋಡ್ ಬರೆದು ಮುಗಿಸುವುದು ಅವರಿಗೆ ಕಷ್ಟವಾಯಿತು. ಅಧಿಕೃತ ಪುಟದಲ್ಲೇ ಓಡುವ, ಸುರಕ್ಷಿತವಾದ ಉದಾಹರಣೆ ಸಿಕ್ಕಿದರೆ ಜನ ಬೇರೆ ಕಡೆ ಯಾಕೆ ಹೋಗುತ್ತಾರೆ? ನೀವು ಮಾಡಲು ಹೊರಟ ಕೆಲಸದ ಬೆಲೆ ಇದು.

ಈಗ ನಿಮಗೆ ಸಿಕ್ಕ ಆ ಕೆಟ್ಟ ಉದಾಹರಣೆಗೆ ಬರೋಣ. ಪುಟದ ಉತ್ತರ ಒಂದು, ಓಡಿಸಿದರೆ ಬರುವ ಉತ್ತರ ಇನ್ನೊಂದು. ಸಾಮಾನ್ಯವಾಗಿ ಯಾರೂ ಬೇಕೆಂದು ತಪ್ಪು ಬರೆದಿರುವುದಿಲ್ಲ. ಬರೆದ ದಿನ ಸರಿ ಇತ್ತು. ಆಮೇಲೆ ಫಂಕ್ಷನ್ ಬದಲಾಯಿತು, ಪುಟ ಬದಲಾಗಲಿಲ್ಲ. ಅಥವಾ ಉತ್ತರವನ್ನು ಓಡಿಸಿ ನಕಲು ಮಾಡುವ ಬದಲು ಮನಸ್ಸಿನಲ್ಲೇ ಲೆಕ್ಕ ಹಾಕಿ ಟೈಪ್ ಮಾಡಿದ್ದರು. ಈಗ ಎಐ ಉಪಕರಣಗಳಿಂದ ಉದಾಹರಣೆ ಬರೆಸುವವರೂ ಇದ್ದಾರೆ. ಅಲ್ಲಿ ಕೋಡ್ ಜೊತೆಗೆ ಬರುವ ಉತ್ತರದ ಸಾಲು ಬರೀ ಊಹೆ ಆಗಿರಬಹುದು. ಯಾರು ಬರೆದರೂ ಸರಿ, ಉತ್ತರದ ಸಾಲು ಯಂತ್ರದಿಂದಲೇ ಬರಬೇಕು.

ಇದಕ್ಕೆ ಮದ್ದು ಎಂದರೆ ಉದಾಹರಣೆಯನ್ನೇ ಟೆಸ್ಟ್ ಮಾಡುವುದು. ಪೈಥಾನ್‌ನಲ್ಲಿ ಡಾಕ್‌ಟೆಸ್ಟ್ 2001ರಲ್ಲಿ ಬಂದ 2.1 ಆವೃತ್ತಿಯಿಂದಲೂ ಇದೆ. ಅದು ಪುಟದಲ್ಲಿರುವ ಕೋಡ್ ಓಡಿಸಿ, ಉತ್ತರವನ್ನು ಅಕ್ಷರಕ್ಕೆ ಅಕ್ಷರ ಹೋಲಿಸುತ್ತದೆ. ರಸ್ಟ್‌ನಲ್ಲಿ ಕಾರ್ಗೋ ಟೆಸ್ಟ್ ಎಂದರೆ ಸಾಕು, ಲೈಬ್ರರಿಯ ಕಾಮೆಂಟುಗಳೊಳಗಿನ ಉದಾಹರಣೆಗಳೂ ಓಡುತ್ತವೆ. ಗೋ ಭಾಷೆಯಲ್ಲಿ ಉದಾಹರಣೆ ಟೆಸ್ಟ್ ಫೈಲ್‌ನಲ್ಲೇ ಇರುತ್ತದೆ, ಕೆಳಗೆ ಔಟ್‌ಪುಟ್ ಎಂಬ ಕಾಮೆಂಟ್ ಇರುತ್ತದೆ. ಆ ಕಾಮೆಂಟ್ ಮರೆತರೆ ಕೋಡ್ ಕಂಪೈಲ್ ಆಗುತ್ತದೆ ಅಷ್ಟೆ, ಓಡುವುದಿಲ್ಲ. ಹೊಸಬರು ಇಲ್ಲಿ ಮೋಸ ಹೋಗುತ್ತಾರೆ. ಜಾವಾದಲ್ಲಿ 2022ರ ಜೆಡಿಕೆ 18ರಿಂದ ಸ್ನಿಪೆಟ್ ಟ್ಯಾಗ್ ಬಂದಿದೆ. ಉದಾಹರಣೆಯನ್ನು ಬೇರೆ ಫೈಲಿನಲ್ಲಿಟ್ಟು ಪುಟಕ್ಕೆ ಎಳೆದುಕೊಳ್ಳಬಹುದು, ಆ ಫೈಲನ್ನು ಕಂಪೈಲ್ ಮಾಡಿ ಪರೀಕ್ಷಿಸಬಹುದು.

ಟೆಸ್ಟ್ ಪಾಸಾದರೆ ಉದಾಹರಣೆ ಒಳ್ಳೆಯದು ಅನ್ನುವುದು ಮಾತ್ರ ತಪ್ಪು ನಂಬಿಕೆ. ಪೈಥಾನ್‌ನ ಡೇಟ್‌ಟೈಮ್‌ನಲ್ಲಿ ಯುಟಿಸಿ‌ನೌ ಎಂಬ ಮೆಥಡ್ ಇದೆ. ಅದು ಕೊಡುವ ಸಮಯದಲ್ಲಿ ‘ಇದು ಯುಟಿಸಿ’ (ಜಾಗತಿಕ ಪ್ರಮಾಣ ಸಮಯ) ಎಂಬ ಗುರುತೇ ಇರುವುದಿಲ್ಲ. ಅದನ್ನು ಟೈಮ್‌ಸ್ಟ್ಯಾಂಪ್ ಆಗಿ ಬದಲಿಸಿದರೆ ಸ್ಥಳೀಯ ಸಮಯ ಎಂದುಕೊಂಡು ಲೆಕ್ಕ ಹಾಕುತ್ತದೆ, ಗಂಟೆಗಟ್ಟಲೆ ವ್ಯತ್ಯಾಸ ಬರುತ್ತದೆ. 2023ರ 3.12 ಆವೃತ್ತಿಯಲ್ಲಿ ಅದನ್ನು ಬಳಸಬೇಡಿ ಎಂದು ಘೋಷಿಸಿದರು. ಅದಕ್ಕೂ ಮುಂಚೆ ಅದನ್ನು ಬಳಸಿದ ಉದಾಹರಣೆ ಯಾವ ಟೆಸ್ಟ್‌ನಲ್ಲೂ ಫೇಲ್ ಆಗುತ್ತಿರಲಿಲ್ಲ. ಓಡುವ ಕೋಡ್ ಕೆಟ್ಟ ಅಭ್ಯಾಸ ಕಲಿಸಬಲ್ಲದು. ಅದನ್ನು ಹಿಡಿಯಲು ಮನುಷ್ಯರೇ ಓದಬೇಕು.

ಟೆಸ್ಟ್ ಅನ್ನುವುದು ಉದಾಹರಣೆಯನ್ನು ಸೊಟ್ಟ ಮಾಡುವ ಅಪಾಯವೂ ಇದೆ. ಪೈಥಾನ್‌ನಲ್ಲಿ ಕೆಲವು ಸ್ಟ್ರಿಂಗ್‌ಗಳಿರುವ ಸೆಟ್ (ಕ್ರಮವಿಲ್ಲದ ಸಂಗ್ರಹ) ಒಂದನ್ನು ಪ್ರಿಂಟ್ ಮಾಡುವ ಉದಾಹರಣೆ ಬರೆಯಿರಿ. ಈಗ ಪಾಸ್, ಇನ್ನೊಂದು ಸಲ ಓಡಿಸಿದರೆ ಫೇಲ್. 3.3 ಆವೃತ್ತಿಯಿಂದ ಸ್ಟ್ರಿಂಗ್‌ಗಳ ಹ್ಯಾಶ್ (ಸೆಟ್‌ನಲ್ಲಿ ಜಾಗ ನಿರ್ಧರಿಸುವ ಸಂಖ್ಯೆ) ಪ್ರತಿ ಸಲ ಬೇರೆ ಬರುವ ಹಾಗೆ ಮಾಡಿದ್ದಾರೆ, ಆದ್ದರಿಂದ ಸೆಟ್‌ನ ಕ್ರಮ ನಿಲ್ಲುವುದಿಲ್ಲ. ಕೆಲವರು ಇದನ್ನು ಸರಿಪಡಿಸಲು ‘ಇದು ಅದಕ್ಕೆ ಸಮವೇ’ ಎಂದು ಹೋಲಿಸಿ, ಉತ್ತರದಲ್ಲಿ ‘ಟ್ರೂ’ ಎಂದು ಹಾಕುತ್ತಾರೆ. ಟೆಸ್ಟ್ ಖುಷಿ. ಓದುಗನಿಗೆ ಉಳಿದದ್ದು ಬರೀ ಟ್ರೂ. ನಾನಾದರೆ ಜೋಡಿಸಿ ಪ್ರಿಂಟ್ ಮಾಡುತ್ತೇನೆ. ಗೋ ಭಾಷೆಯಲ್ಲಿ ಇದಕ್ಕೇ ‘ಕ್ರಮ ಲೆಕ್ಕಕ್ಕಿಲ್ಲ’ ಎಂದು ಹೇಳುವ ಬೇರೆ ಔಟ್‌ಪುಟ್ ಕಾಮೆಂಟ್ ಇದೆ. ರಸ್ಟ್‌ನಲ್ಲಿ ಕೆಲವು ಸಾಲುಗಳನ್ನು ಪುಟದಲ್ಲಿ ಕಾಣದ ಹಾಗೆ ಬಚ್ಚಿಟ್ಟು ಟೆಸ್ಟ್ ಓಡಿಸಬಹುದು. ಅನುಕೂಲದ ಸೌಲಭ್ಯ, ಆದರೆ ಇಂಪೋರ್ಟ್ ಸಾಲುಗಳನ್ನು ಹಾಗೆ ಬಚ್ಚಿಡುವುದು ನನಗೆ ಒಪ್ಪಿಗೆಯಿಲ್ಲ. ಕಾಣದ ಸಾಲು ನಕಲಿಗೂ ಬರುವುದಿಲ್ಲ, ಅಂಟಿಸಿದವನಿಗೆ ಮೊದಲು ಸಿಗುವುದೇ ಎರರ್.

ಹೆಸರುಗಳ ಬಗ್ಗೆ ಒಂದೆರಡು ಮಾತು. ಫೂ, ಬಾರ್ ಎಂಬ ಹೆಸರು ಬೇಡ. ಯಾವುದು ಇನ್‌ಪುಟ್, ಯಾವುದು ಫಲಿತಾಂಶ ಎಂದು ಅವು ಹೇಳುವುದಿಲ್ಲ. ಒಂದೇ ಟೈಪಿನ ಎರಡು ಆರ್ಗ್ಯುಮೆಂಟ್ ಇರುವ ಫಂಕ್ಷನ್‌ನಲ್ಲಿ ಹೆಸರೇ ಅರ್ಧ ವಿವರಣೆ.

ಇಂಗ್ಲಿಷ್ ಬಗ್ಗೆ ನಿಮ್ಮ ಹಿಂಜರಿಕೆ ನನಗೆ ಅರ್ಥವಾಗುತ್ತದೆ. ಆದರೆ ಉದಾಹರಣೆಯ ಮುಕ್ಕಾಲು ಭಾಗ ಕೋಡ್. ಉಳಿದ ಒಂದೆರಡು ವಾಕ್ಯವನ್ನು ರಿವ್ಯೂ ಮಾಡುವವರು ತಿದ್ದುತ್ತಾರೆ, ಅದು ಅವರಿಗೆ ಎರಡು ನಿಮಿಷದ ಕೆಲಸ. ನಿಮ್ಮ ಕಡೆ ಇರುವ ಲಾಭ ನೋಡಿ. ‘ಕನ್ನಡ’ ಎಂಬ ಪದದ ಉದ್ದ ಎಷ್ಟು? ಕಣ್ಣಿಗೆ ಮೂರು ಅಕ್ಷರ. ಪೈಥಾನ್ 5 ಅನ್ನುತ್ತದೆ, ಒತ್ತಕ್ಷರದ ಹಿಂದೆ ಅಡಗಿರುವ ‘್’ ಗುರುತನ್ನೂ ಎಣಿಸಿ. ರಸ್ಟ್‌ನ ಮತ್ತು ಗೋದ ಲೆನ್ 15 ಅನ್ನುತ್ತವೆ, ಅವು ಎಣಿಸುವುದು ಬೈಟ್‌ಗಳನ್ನು. ಬರೀ ಇಂಗ್ಲಿಷ್ ಅಕ್ಷರಗಳ ಉದಾಹರಣೆಯಲ್ಲಿ ಈ ಮೂರೂ ಒಂದೇ ಸಂಖ್ಯೆಯಾಗಿ ಕಾಣುತ್ತವೆ, ವ್ಯತ್ಯಾಸ ಯಾರಿಗೂ ತಿಳಿಯುವುದಿಲ್ಲ. ರಸ್ಟ್‌ನ ಪುಟದಲ್ಲಿ ಒಂದು ಬಾಲದ ‘ಎಫ್’ ಹಾಕಿ, ಮೂರು ಅಕ್ಷರದ ಪದದ ಉದ್ದ 4 ಎಂದು ತೋರಿಸಿದ್ದಾರೆ. ಅಂಥ ಜಾಗ ಎಲ್ಲೆಲ್ಲಿ ಬಿಟ್ಟುಹೋಗಿದೆ ಎಂದು ನಿಮಗೆ ಬೇಗ ಕಾಣುತ್ತದೆ.

ಈಗ ನಿಮ್ಮ ಮುಂದೆ ಇರುವ ದಾರಿಗಳು. ಮೊದಲನೆಯದು, ಕೆಟ್ಟ ಉದಾಹರಣೆ ಒಂದನ್ನೇ ಸರಿಪಡಿಸಿ ಕಳಿಸುವುದು. ನಾನು ಇದರಿಂದಲೇ ಶುರು ಮಾಡಿ ಅನ್ನುತ್ತೇನೆ. ಒಂದು ಎಚ್ಚರಿಕೆ ಮಾತ್ರ: ತಪ್ಪಿರುವುದು ಪುಟದಲ್ಲೋ ಫಂಕ್ಷನ್‌ನಲ್ಲೋ ಖಚಿತ ಮಾಡಿಕೊಳ್ಳಿ. ಹಳೆಯ ಎರಡು ಮೂರು ಆವೃತ್ತಿಗಳಲ್ಲಿ ಅದೇ ಕೋಡ್ ಓಡಿಸಿ. ಮೊದಲು ಪುಟದಲ್ಲಿರುವ ಉತ್ತರವೇ ಬರುತ್ತಿದ್ದು, ಇತ್ತೀಚೆಗೆ ಬದಲಾಗಿದ್ದರೆ, ಬದಲಾವಣೆ ಬೇಕೆಂದೇ ಮಾಡಿದ್ದೋ ಎಂದು ಬಿಡುಗಡೆ ಟಿಪ್ಪಣಿ ನೋಡಿ. ಅಲ್ಲಿ ಏನೂ ಇಲ್ಲದಿದ್ದರೆ ನಿಮಗೆ ಸಿಕ್ಕಿರುವುದು ಬಗ್. ಆಗ ಪುಟ ತಿದ್ದಿದರೆ ಬಗ್‌ಗೆ ಅಧಿಕೃತ ಮುದ್ರೆ ಒತ್ತಿದ ಹಾಗಾಗುತ್ತದೆ. ಪ್ಯಾಚ್ (ತಿದ್ದುಪಡಿ) ಬದಲು ಇಶ್ಯೂ ತೆರೆಯಿರಿ.

ಎರಡನೆಯದು, ಅದು ಸೇರಿದ ಮೇಲೆ ಖಾಲಿ ಸ್ಟ್ರಿಂಗ್ ಮತ್ತು ಕೊನೆಯ ಕಾಮಾ ಉದಾಹರಣೆಗಳನ್ನು ಮಾತ್ರ ಇನ್ನೊಂದು ಚಿಕ್ಕ ಪ್ಯಾಚ್ ಆಗಿ ಕಳಿಸುವುದು. ಇಲ್ಲಿ ಅಪಾಯ ಏನೆಂದರೆ, ಆ ವರ್ತನೆಯನ್ನು ಭಾಷೆಯವರು ಖಾತರಿ ಕೊಡದೆ ಬಿಟ್ಟಿರಬಹುದು. ಉದಾಹರಣೆಯಲ್ಲಿ ತೋರಿಸಿದರೆ ಜನ ಅದನ್ನು ಭರವಸೆ ಎಂದೇ ತಿಳಿಯುತ್ತಾರೆ, ಮುಂದೆ ಬದಲಿಸಲು ಆಗುವುದಿಲ್ಲ. ಆದ್ದರಿಂದ ವಿವರಣೆಯಲ್ಲಿ ಆ ನಿಯಮದ ವಾಕ್ಯ ಇದೆಯಾ ನೋಡಿ. ಇಲ್ಲದಿದ್ದರೆ ಮೊದಲು ಕೇಳಿ. ವಾಕ್ಯ ಸೇರಿಸಿ, ಅದರ ಕೆಳಗೆ ಉದಾಹರಣೆ ಹಾಕಿ. ಉದಾಹರಣೆ ಒಂದರಿಂದಲೇ ನಿಯಮ ಊಹಿಸುವ ಹಾಗೆ ಬಿಡಬೇಡಿ.

ಮೂರನೆಯದು ಲಾಗ್ ಫೈಲ್ ಪ್ರೋಗ್ರಾಮ್. ಆ ಭಾಷೆಗೆ ಕುಕ್‌ಬುಕ್ ಥರದ ವಿಭಾಗ ಇದ್ದರೆ, ಬರೆಯುವ ಮೊದಲೇ ಇಶ್ಯೂ ತೆರೆದು ಅಲ್ಲಿ ಬೇಕಾ ಎಂದು ಕೇಳಿ. ನಿಮ್ಮದೇ ಜಾಗದಲ್ಲಿ ಪ್ರಕಟಿಸುವುದೂ ಒಂದು ದಾರಿ. ಆದರೆ ಅಲ್ಲಿ ಅದನ್ನು ಯಾವ ಟೆಸ್ಟೂ ಕಾಯುವುದಿಲ್ಲ. ಯಾವ ಆವೃತ್ತಿಯಲ್ಲಿ ಓಡಿಸಿದ್ದು ಎಂದು ಮೇಲೆಯೇ ಬರೆದಿಡಿ.

ಕೋಡ್ ನಿಮ್ಮ ಸ್ವಂತದ್ದೇ ಆಗಿರಲಿ. ಸ್ಟಾಕ್ ಓವರ್‌ಫ್ಲೋದಲ್ಲಿರುವ ಉತ್ತರಗಳಿಗೆ ಲೇಖಕರ ಹೆಸರು ಹೇಳಬೇಕು, ಅದೇ ಲೈಸೆನ್ಸ್‌ನಲ್ಲಿ ಹಂಚಬೇಕು ಎಂಬ ಷರತ್ತಿದೆ. ಪೈಥಾನ್‌ನಲ್ಲಿ 3.8.6ರಿಂದ ಡಾಕ್ಯುಮೆಂಟೇಶನ್‌ನ ಉದಾಹರಣೆಗಳನ್ನು ಜನ ಹೆಸರು ಹೇಳದೆಯೂ ನಕಲು ಮಾಡಿಕೊಳ್ಳಲಿ ಎಂದೇ ಜೀರೋ-ಕ್ಲಾಜ್ (ಷರತ್ತಿಲ್ಲದ) ಬಿಎಸ್‌ಡಿ ಲೈಸೆನ್ಸ್‌ನಲ್ಲೂ ಕೊಡುತ್ತಾರೆ. ಬೇರೆಯವರ ಕೋಡ್ ಅಲ್ಲಿ ನುಸುಳಿದರೆ ಆ ಮಾತು ಉಳಿಯುವುದಿಲ್ಲ.

ಮೂರು ವಾರ ಕಾಯಿಸಿದ್ದಕ್ಕೆ ನಿಮಗೆ ನೋವಾಗಿದೆ, ಸಹಜ. ರಿವ್ಯೂ ಮಾಡುವವರಲ್ಲಿ ಬಹುಪಾಲು ಜನ ತಮ್ಮ ಬಿಡುವಿನ ಹೊತ್ತಿನಲ್ಲಿ ಮಾಡುತ್ತಾರೆ. ಪ್ರತಿ ಉದಾಹರಣೆಯನ್ನೂ ಮುಂದಿನ ಆವೃತ್ತಿಗಳಲ್ಲಿ ಕಾಯಬೇಕಾದವರು ಅವರು. ಬೇರೆ ಭಾಷೆಗೆ ಅನುವಾದ ಮಾಡುವವರಿಗೂ ಅಷ್ಟು ಕೆಲಸ ಹೆಚ್ಚುತ್ತದೆ. ಅವರು ಎರಡು ನಿಮಿಷದಲ್ಲಿ ಹೌದು ಎನ್ನುವಂಥ ಪ್ಯಾಚ್ ಕಳಿಸಿ. ಮೊದಲ ಪ್ಯಾಚ್‌ನ ವಿವರಣೆಗೆ ಮೂರೇ ವಾಕ್ಯ ಸಾಕು: ‘ಈ ಪುಟದ ಉದಾಹರಣೆ ಇಂಥ ಆವೃತ್ತಿಯಲ್ಲಿ ಓಡಿಸಿದಾಗ ಬೇರೆ ಉತ್ತರ ಬಂತು. ಇಂಥ ಆವೃತ್ತಿಯಿಂದ ಹೀಗೆ ಬದಲಾಗಿದೆ, ಬಿಡುಗಡೆ ಟಿಪ್ಪಣಿಯಲ್ಲಿ ಇದರ ಉಲ್ಲೇಖ ಇದೆ. ಉತ್ತರದ ಸಾಲನ್ನು ಓಡಿಸಿ ನಕಲು ಮಾಡಿದ್ದೇನೆ, ಟೆಸ್ಟ್ ಪಾಸಾಗಿದೆ.’